ಕೊನೆಯ ಮೂರು ಅಧ್ಯಾಯ ಎಲ್ಲಿ ಹೋದವು?

ಮುದ್ದು ಪುಟ್ಟಿ,

ನಿನ್ನ ಸಿಟ್ಟು ನ್ಯಾಯವಾದದ್ದೇ. 'ಗೋಲ್ಡನ್ ಕಂಪಾಸ್' ಸಿನಿಮಾ ಮುಗಿದ ಕೂಡಲೇ "ಇಷ್ಟೇನಾ? ರೋಜರ್ ಕಥೆ ಎಲ್ಲಿ?" ಅಂತ ಕೇಳಿದೆಯಲ್ಲ, ಆ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡೋಕೆ ನನಗೆ ಮನಸ್ಸಿಲ್ಲ. ಅದಕ್ಕೇ ಕೂತು ಬರೀತಿದ್ದೀನಿ.

ಈ ಸಿನಿಮಾಕ್ಕೆ ಮೂಲವಾದ ಫಿಲಿಪ್ ಪುಲ್ಮನ್‌ರ ಪುಸ್ತಕದ ಕೊನೆಯ ಭಾಗ ಸಿನಿಮಾದವರಿಗೆ ಗೊತ್ತಿಲ್ಲದೆ ತಪ್ಪಿಹೋದದ್ದಲ್ಲ. ಅದನ್ನ ಚಿತ್ರೀಕರಿಸಿದ್ದರು. 2007ರಲ್ಲಿ ಬಿಡುಗಡೆಗೆ ಮುಂಚೆ ಕತ್ತರಿಸಿ ತೆಗೆದರು, ಮುಂದಿನ ಸಿನಿಮಾದ ಶುರುವಿಗೆ ಇಟ್ಟುಕೊಂಡರಾಯಿತು ಅಂತ. ಆ ಮುಂದಿನ ಸಿನಿಮಾ ಬರಲೇ ಇಲ್ಲ. ಹಾಗಾಗಿ ತೆರೆಯ ಮೇಲೆ ಕಥಾನಾಯಕಿ ಲೈರಾ ಮತ್ತು ಅವಳ ಗೆಳೆಯ ರೋಜರ್ ಇವತ್ತಿಗೂ ಆ ಬಲೂನಿನಲ್ಲೇ ಇದ್ದಾರೆ, ಇನ್ನೇನು ಎಲ್ಲ ಸರಿಹೋಗುತ್ತೆ ಅನ್ನೋ ಮುಖದಲ್ಲಿ. ಪುಸ್ತಕ ಓದಿದ ನಿನಗೆ ಅವರು ಎಲ್ಲಿಗೆ ಹೋಗ್ತಿದ್ದಾರೆ ಅಂತ ಗೊತ್ತು. ಲೈರಾ ತಾನು ಅಪ್ಪನಿಗೆ ಬೇಕಾದದ್ದನ್ನು ತಲುಪಿಸುತ್ತಿದ್ದೇನೆ ಅಂದುಕೊಂಡಿದ್ದಾಳೆ. ತಲುಪಿಸುತ್ತಿರುವುದು ಗೆಳೆಯನನ್ನೇ, ಅವನ ಸಾವಿಗೆ. ಇಡೀ ಕಾದಂಬರಿ ಆ ಒಂದು ಗಳಿಗೆಗಾಗಿಯೇ ನಡೆದುಬಂದಿದೆ. ಅದನ್ನೇ ತೆಗೆದ ಮೇಲೆ ಉಳಿಯೋದು ಹಿಮ, ಕರಡಿ, ಹಾರುವ ಮಾಟಗಾತಿಯರು.

ಎರಡು ಗಂಟೆಯ ಸಿನಿಮಾಕ್ಕೆ ಪುಸ್ತಕವನ್ನ ಕತ್ತರಿಸಲೇಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಕದ್ದ ಮಕ್ಕಳನ್ನ ಕೂಡಿಹಾಕಿದ ಬಾಲ್ವಂಗರ್‌ನ ಕಥೆಗಿಂತ ಮೊದಲೇ ಕರಡಿಗಳ ಕಾಳಗ ಬಂತು ಅಂತ ನೀನು ಗೊಣಗಿದೆ. ಅದನ್ನೂ ನಾನು ಕ್ಷಮಿಸಬಲ್ಲೆ. ಕ್ಷಮಿಸಲು ಆಗದ್ದು, ಮಕ್ಕಳು ದುಃಖ ತಡೆಯಲಾರರು ಅನ್ನೋ ಅವರ ಎಣಿಕೆ.

ಆ ಒಣಮೀನಿನ ಹುಡುಗನನ್ನ ನೆನಪಿಸಿಕೋ. ಟೋನಿ ಮಕಾರಿಯೋಸ್. ಕತ್ತಲ ಗುಡಿಸಲಿನಲ್ಲಿ, ತನ್ನಿಂದ ಕತ್ತರಿಸಿ ತೆಗೆದ ಡೀಮನ್, ಅಂದರೆ ಪ್ರಾಣಿಯ ರೂಪದಲ್ಲಿ ಸದಾ ಜೊತೆಗಿರುವ ಜೀವ, ಇರಬೇಕಾದ ಜಾಗದಲ್ಲಿ ಒಂದು ಒಣಮೀನನ್ನು ಎದೆಗೆ ಅವಚಿಕೊಂಡು ಕೂತಿದ್ದ. ಅವನು ಸತ್ತ ಮೇಲೆ ಆ ಮೀನನ್ನ ಯಾರೋ ನಾಯಿಗೆ ಹಾಕಿಬಿಡ್ತಾರೆ, ಆಗ ಲೈರಾ ಕೆರಳಿದ ರೀತಿ! ಆಮೇಲೆ ಒಂದು ಚಿನ್ನದ ನಾಣ್ಯದ ಮೇಲೆ ಚಾಕುವಿನಿಂದ 'ರ‍್ಯಾಟರ್' ಅಂತ ಅವನ ಡೀಮನ್ ಹೆಸರು ಕೆತ್ತಿ ಅವನ ಬಾಯೊಳಗೆ ಇಡ್ತಾಳೆ. ತಾನು ಬೆಳೆದ ಜೋರ್ಡನ್ ಕಾಲೇಜಿನ ನೆಲಮಾಳಿಗೆಯಲ್ಲಿ, ಸತ್ತ ವಿದ್ವಾಂಸರ ತಲೆಬುರುಡೆಗಳೊಳಗಿನ ಡೀಮನ್ ನಾಣ್ಯಗಳನ್ನ ಅದಲುಬದಲು ಮಾಡಿ ತುಂಟಾಟ ಆಡಿದ್ದವಳು ಇವಳೇ ಅಲ್ವಾ? ಅಲ್ಲಿ ಆಟವಾಗಿದ್ದದ್ದು ಇಲ್ಲಿ ಅವಳಿಗೆ ಗೊತ್ತಿದ್ದ ಒಂದೇ ಸಂಸ್ಕಾರ. ಒಂದು ಮಗು ದೊಡ್ಡದಾಗೋದನ್ನ ಫಿಲಿಪ್ ಪುಲ್ಮನ್ ಒಂದು ನಾಣ್ಯದಲ್ಲಿ ತೋರಿಸಿಬಿಟ್ಟರು. ಸಿನಿಮಾದಲ್ಲಿ ಟೋನಿಯ ಜಾಗಕ್ಕೆ ಬಿಲ್ಲಿ ಕೋಸ್ಟಾ ಅನ್ನೋ ಇನ್ನೊಬ್ಬ ಹುಡುಗ ಬಂದ, ಅಮ್ಮನ ಮಡಿಲು ಸೇರಿದ. ಸಾವಿಲ್ಲ, ಆದ್ದರಿಂದ ನಾಣ್ಯವೂ ಇಲ್ಲ.

ಶುರುವೂ ಹಾಗೇ. ಪುಸ್ತಕದಲ್ಲಿ ಲೈರಾ ಮತ್ತು ಅವಳ ಡೀಮನ್ ಕತ್ತಲಾಗುತ್ತಿರುವ ಹಾಲ್‌ನೊಳಗೆ ಸದ್ದಿಲ್ಲದೆ ನುಸುಳುತ್ತಾರೆ. ಡೀಮನ್ ಅಂದರೇನು ಅಂತ ಯಾರೂ ವಿವರಿಸಲ್ಲ, ನಾವೇ ಹುಡುಕಿಕೊಳ್ಳಬೇಕು. ನೀನು ಹತ್ತಿಪ್ಪತ್ತು ಪುಟ ಓದಿ, ಓಡಿಬಂದು "ಅಮ್ಮಾ, ಅದು ಅವಳ ಆತ್ಮ!" ಅಂದೆಯಲ್ಲ, ಆ ಖುಷಿಯನ್ನ ಸಿನಿಮಾ ಮೊದಲ ನಿಮಿಷದಲ್ಲೇ ಕಸಿದುಕೊಂಡಿತು. ಹಿನ್ನೆಲೆಯ ದನಿಯೊಂದು ಡೀಮನ್, 'ಧೂಳು' ಅನ್ನೋ ನಿಗೂಢ ಕಣ, ಎಲ್ಲವನ್ನೂ ಪಾಠದ ಹಾಗೆ ಒಪ್ಪಿಸಿತು. ಆ ಲೋಕವನ್ನಾಳುವ ಮ್ಯಾಜಿಸ್ಟೀರಿಯಂ ಚರ್ಚಿನದು ಅನ್ನೋದನ್ನ ಮಾತ್ರ ಮಸುಕು ಮಾಡಿಟ್ಟರು, ಯಾರ ಮನಸ್ಸೂ ನೋಯದಿರಲಿ ಅಂತ. ಆ ಅಧಿಕಾರ ಯಾರದು, ಅವರು ಯಾಕೆ ಮಕ್ಕಳನ್ನ ಅವರ ಡೀಮನ್‌ನಿಂದ ಕತ್ತರಿಸುತ್ತಾರೆ ಅನ್ನೋದೇ ಮಸುಕಾದರೆ ಲೈರಾ ಯಾರ ವಿರುದ್ಧ ಓಡುತ್ತಿದ್ದಾಳೆ ಹೇಳು.

ಒಂದು ಮಾತು ಮಾತ್ರ ಒಪ್ಪಿಕೋ: ಲೈರಾ ಆಗಿ ನಟಿಸಿದ ಆ ಹುಡುಗಿ ಡಕೋಟಾ ಬ್ಲೂ ರಿಚರ್ಡ್ಸ್ ಮೇಲೆ ಸಿಟ್ಟು ಮಾಡಬೇಡ. ಅದು ಅವಳ ಮೊದಲ ಸಿನಿಮಾ, ಕಣ್ಣಲ್ಲಿ ಲೈರಾಳ ಹಟ ಇತ್ತು. ನಿಕೋಲ್ ಕಿಡ್ಮನ್ ನಗುವಾಗ ನನಗೆ ನಿಜಕ್ಕೂ ಭಯವಾಯಿತು. ಯೋರೆಕ್ ಕರಡಿಯನ್ನು ತೆರೆಯ ಮೇಲೆ ಕಟ್ಟಿದವರ ಕೆಲಸಕ್ಕೆ 2008ರಲ್ಲಿ ಆಸ್ಕರ್ ಬಂತು, ಬರಬೇಕಾದದ್ದೇ. ಕಲಾವಿದರು ಮನಸಿಟ್ಟು ದುಡಿದಿದ್ದಾರೆ. ಹೆದರಿದ್ದು ದುಡ್ಡು ಹಾಕಿದವರು. 18 ಕೋಟಿ ಡಾಲರ್ ಸುರಿದು, ಅಮೆರಿಕದಲ್ಲಿ ಬಂದದ್ದು ಸುಮಾರು 7 ಕೋಟಿ. ಯಾರಿಗೂ ನೋವಾಗದಂತೆ ಮಾಡಿದ ಸಿನಿಮಾ ಯಾರ ಮನಸ್ಸಿಗೂ ನಾಟಲಿಲ್ಲ.

1995ರಲ್ಲಿ ಬಂದ ಪುಸ್ತಕ, ಮಕ್ಕಳ ಸಾಹಿತ್ಯಕ್ಕೆ ಕೊಡುವ ಅದೇ ವರ್ಷದ ಕಾರ್ನೆಗಿ ಪದಕ ಪಡೆದದ್ದು. ಅಂದಿನಿಂದ ನಿನ್ನ ವಯಸ್ಸಿನ ಎಷ್ಟೋ ಮಕ್ಕಳು ರೋಜರ್‌ಗಾಗಿ ಅತ್ತಿರಬೇಕು. ನೀನೂ ಅತ್ತೆ, ರಾತ್ರಿ ಊಟ ಬೇಡ ಅಂದೆ. ಮರುದಿನ ಬೆಳಿಗ್ಗೆ ಎದ್ದು ಮೊದಲು ಕೇಳಿದ್ದು "ಎರಡನೇ ಭಾಗ ಎಲ್ಲಿದೆ?" ಅಂತ. ಅಷ್ಟು ಗಟ್ಟಿ ಇರುವ ಓದುಗರನ್ನ ಸಿನಿಮಾದವರು ನಂಬಬಹುದಿತ್ತು.

ಟಿವಿ ಸರಣಿಯ ಬಗ್ಗೆ ಕೇಳ್ತಿದ್ದೆ. 2019ರಿಂದ 2022ರವರೆಗೆ ಮೂರು ಸೀಸನ್‌ಗಳಲ್ಲಿ ಮೂರೂ ಪುಸ್ತಕ ಬಂದಿವೆ. ಮೊದಲ ಸೀಸನ್ ರೋಜರ್‌ನ ಸಾವನ್ನ ಮುಚ್ಚಿಟ್ಟಿಲ್ಲ. ಖಂಡಿತ ಒಟ್ಟಿಗೆ ನೋಡೋಣ, ಆದರೆ ಮೂರನೇ ಪುಸ್ತಕ ನೀನು ಓದಿ ಮುಗಿಸಿದ ಮೇಲೆ. ಲೈರಾಗೂ ರೋಜರ್‌ಗೂ ನಡುವೆ ಒಂದು ಲೆಕ್ಕ ಬಾಕಿ ಇದೆ. ಅದು ಹೇಗೆ ತೀರುತ್ತೆ ಅನ್ನೋದನ್ನ ನೀನು ಮೊದಲು ಪುಸ್ತಕದಲ್ಲೇ ಓದಬೇಕು ಅಂತ ನನ್ನಾಸೆ.

ಪ್ರೀತಿಯಿಂದ,
ಅಮ್ಮ