ತಲೆಯಿಲ್ಲದ ಬೇಸ್ ಗಿಟಾರ್ ಕೊಡಗಿಗೆ ಒಗ್ಗೀತೇ?

ಮಾನ್ಯ ಸಂಪಾದಕರೇ,

ದಸರಾ, ಮದುವೆ, ಕ್ರಿಸ್‌ಮಸ್ ಎಂದು ನಮ್ಮ ಜಿಲ್ಲೆಯಲ್ಲಿ ಮಳೆ ಬಿಟ್ಟ ಮೇಲೆ ಆರ್ಕೆಸ್ಟ್ರಾದವರಿಗೆ ಪುರುಸೊತ್ತಿರುವುದಿಲ್ಲ. ಈಚೆಗೆ ಆ ವೇದಿಕೆಗಳಲ್ಲಿ ಹೊಸ ಬಗೆಯ ಬೇಸ್ ಗಿಟಾರ್‌ಗಳು (ತಗ್ಗು ಸ್ವರದ ಗಿಟಾರ್) ಕಾಣಿಸಿಕೊಳ್ಳುತ್ತಿವೆ. ಕೆಲವಕ್ಕೆ ತುದಿಯಲ್ಲಿ ತಂತಿ ಬಿಗಿಸುವ ಬಿರಡೆಗಳಿರುವ ತಲೆಯೇ ಇಲ್ಲ, ಕೆಲವಕ್ಕೆ ಸ್ವರದ ಜಾಗ ಗುರುತಿಸುವ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳು ಬೀಸಣಿಗೆಯಂತೆ ಓರೆ, ಕೆಲವಕ್ಕೆ ಮಾಮೂಲಿ ನಾಲ್ಕರ ಬದಲು ಐದಾರು ತಂತಿ. ಹಿರಿಯ ವಾದಕರು ಇದೆಲ್ಲ ಶೋಕಿ ಎಂದು ತಳ್ಳಿಹಾಕುತ್ತಾರೆ. ಹುಡುಗರು ವಿಡಿಯೊ ನೋಡಿ, ಒಮ್ಮೆಯೂ ಕೈಗೆತ್ತಿಕೊಳ್ಳದೆ ಆನ್‌ಲೈನಿನಲ್ಲಿ ತರಿಸುತ್ತಾರೆ. ಇಬ್ಬರೂ ನೋಡುತ್ತಿರುವುದು ಆಕಾರವನ್ನು. ನೋಡಬೇಕಾದದ್ದು ತೂಕ, ತಂತಿ ಮತ್ತು ತೇವ. ಕೊಡಗಿನಲ್ಲಿ ತೇವದ ಲೆಕ್ಕವೇ ಬೇರೆಯಾದ್ದರಿಂದ ಈ ಪತ್ರ ಬರೆಯುತ್ತಿದ್ದೇವೆ.

ಇಂದು ಮಾಮೂಲಿ ಎನ್ನಿಸಿಕೊಂಡ ಬೇಸ್ ಗಿಟಾರ್ ಕೂಡ ಒಂದು ಕಾಲಕ್ಕೆ ವಿಚಿತ್ರವಾಗಿ ಕಂಡ ವಸ್ತುವೇ. 1951ರಲ್ಲಿ ಲಿಯೊ ಫೆಂಡರ್ ಪ್ರಿಸಿಶನ್ ಬೇಸ್ ತಂದಾಗ ಬೇಸ್ ಎಂದರೆ ಆಳೆತ್ತರದ, ನಿಂತು ನುಡಿಸುವ ಡಬಲ್ ಬೇಸ್. ಹೊಸದನ್ನು ಒಪ್ಪಿಕೊಂಡವರಿಗೆ ಕಾರಣಗಳಿದ್ದವು. ಫ್ರೆಟ್ ಇದ್ದುದರಿಂದ ಸ್ವರ ಜಾರುವ ಭಯವಿರಲಿಲ್ಲ, ಕಾರಿನಲ್ಲಿ ಹಾಕಿಕೊಂಡು ಹೋಗಬಹುದಿತ್ತು, ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಡ್ರಮ್ಸ್ ನಡುವೆಯೂ ಕೇಳುತ್ತಿತ್ತು. ಜಾಜ್ ವಾದಕ ಮಾಂಕ್ ಮಾಂಟ್ಗೊಮರಿ 1950ರ ದಶಕದ ಮೊದಲಲ್ಲೇ ಲಯನೆಲ್ ಹ್ಯಾಂಪ್ಟನ್ ತಂಡದಲ್ಲಿ ಅದನ್ನು ನುಡಿಸತೊಡಗಿದರು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಪಿಟೀಲಿನ ಆಕಾರದ ಹಾಫ್ನರ್ ಬೇಸ್ ಕೊಂಡದ್ದೂ ಹೀಗೆಯೇ. ಅದರ ಬೆಲೆ ಕಡಿಮೆಯಿತ್ತು, ಎರಡು ಬದಿಯೂ ಒಂದೇ ಆಕಾರವಾದ್ದರಿಂದ ಎಡಗೈ ವಾದಕನ ಕೈಯಲ್ಲಿ ತಲೆಕೆಳಗಾಗಿ ಕಾಣುತ್ತಿರಲಿಲ್ಲ.

ತೂಕದಿಂದ ಶುರುಮಾಡೋಣ. ಅಂಗಡಿಯಲ್ಲಿ ಗಿಟಾರನ್ನು ಸ್ಟ್ರಾಪಿನಲ್ಲಿ ಹಾಕಿಕೊಂಡು ಎರಡೂ ಕೈ ಬಿಡಿ. ತಲೆ ನೆಲದ ಕಡೆ ಜಗ್ಗಿದರೆ ಅದಕ್ಕೆ ಸಮತೋಲವಿಲ್ಲ ಎಂದರ್ಥ. ಮೇಲಿನ ಸ್ಟ್ರಾಪ್ ಗುಂಡಿ 12ನೇ ಫ್ರೆಟ್‌ನ ನೇರಕ್ಕೆ ಇದ್ದರೆ ಸಾಮಾನ್ಯವಾಗಿ ಜಗ್ಗುವುದಿಲ್ಲ. 1963ರ ಗಿಬ್ಸನ್ ಥಂಡರ್‌ಬರ್ಡ್‌ನಂಥ ಚೆಂದದ ವಾದ್ಯವನ್ನು ಎಷ್ಟೋ ಜನ ಕೈಬಿಡುವುದು ಈ ಒಂದು ಕಾರಣಕ್ಕೆ. ಗುಂಡಿ ನೆಕ್ಕಿನ, ಅಂದರೆ ಫ್ರೆಟ್‌ಗಳಿರುವ ಉದ್ದ ಕತ್ತಿನ, ಬುಡದಲ್ಲಿದೆ, ತಲೆ ಭಾರ. ಮೂರು ಗಂಟೆಯ ಕಾರ್ಯಕ್ರಮದಲ್ಲಿ ಎಡಗೈ ಸ್ವರ ಹಿಡಿಯುವುದರ ಜೊತೆಗೆ ಗಿಟಾರನ್ನೂ ಎತ್ತಿ ಹಿಡಿಯಬೇಕಾಗುತ್ತದೆ, ಮಣಿಕಟ್ಟು ಸೋಲುತ್ತದೆ. ಅಗಲವಾದ ಒರಟು ಚರ್ಮದ ಸ್ಟ್ರಾಪ್ ಹಾಕಿದರೆ, ಭಾರದ ಟ್ಯೂನರ್ (ಬಿರಡೆ) ತೆಗೆದು ಹಗುರವಾದವನ್ನು ಕೂರಿಸಿದರೆ ಸ್ವಲ್ಪ ಸುಧಾರಿಸುತ್ತದೆ. ತಲೆಯಿಲ್ಲದ ನಮೂನೆಯಲ್ಲಿ ಟ್ಯೂನರ್‌ಗಳು ಗಿಟಾರಿನ ಮೈಮೇಲೆ ತಂತಿ ಕೂರುವ ಬ್ರಿಡ್ಜ್ ಕಡೆ ಇರುವುದರಿಂದ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಉದ್ದವೂ ಒಂದು ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಜನ ತುಂಬಿದ ಬಸ್ಸಿನಲ್ಲಿ ಗೋಣಿಕೊಪ್ಪಲಿನಿಂದ ಮಡಿಕೇರಿಗೆ ಬರುವವರಿಗೆ ಅದು ಸಣ್ಣ ಅನುಕೂಲವಲ್ಲ.

ಅಮೆರಿಕದ ವಿನ್ಯಾಸಕ ನೆಡ್ ಸ್ಟೈನ್‌ಬರ್ಗರ್ 1980ರ ಸುಮಾರಿಗೆ ಈ ತಲೆಯಿಲ್ಲದ ಬೇಸ್ ರೂಪಿಸಿದಾಗ ತಂತಿಯ ಎರಡೂ ತುದಿಗೆ ಗುಂಡು ಬೇಕಿತ್ತು. ಆ ಡಬಲ್ ಬಾಲ್ ತಂತಿ ಇಂದಿಗೂ ನಮ್ಮ ಪೇಟೆಯ ಅಂಗಡಿಯಲ್ಲಿ ಕೈಚಾಚಿದರೆ ಸಿಗುವ ಸರಕಲ್ಲ. ಶನಿವಾರ ರಾತ್ರಿ ತಂತಿ ಕಡಿದರೆ ಭಾನುವಾರದ ಮದುವೆಗೆ ಏನು ಮಾಡುವುದು? ಹಿರಿಯರ ಈ ಆಕ್ಷೇಪ ನೂರಕ್ಕೆ ನೂರು ಸರಿ. ಈಗ ಬರುವ ಹೆಚ್ಚಿನ ಹೆಡ್‌ಲೆಸ್ (ತಲೆಯಿಲ್ಲದ) ಗಿಟಾರ್‌ಗಳಲ್ಲಿ ಸಾಮಾನ್ಯ ತಂತಿಯನ್ನೇ ತುದಿಯಲ್ಲಿ ಸ್ಕ್ರೂನಿಂದ ಕಚ್ಚಿಸುವ ವ್ಯವಸ್ಥೆ ಇದೆ. ಕೊಳ್ಳುವ ಮುನ್ನ ಇದನ್ನೊಂದು ಖಚಿತಪಡಿಸಿಕೊಳ್ಳಿ.

ಆದರೆ ಅದನ್ನು ಕಟ್ಟುವ ಕ್ರಮದಲ್ಲಿ ತಪ್ಪಿದರೆ ಹೊಸ ತಂತಿಯೇ ಹಾಳು. ಗುಂಡು ಇರುವ ತುದಿಯನ್ನು ಬ್ರಿಡ್ಜ್‌ಗೆ ಸೇರಿಸಿ. ಅಲ್ಲಿನ ಟ್ಯೂನಿಂಗ್ ನಾಬ್‌ಅನ್ನು ಮೊದಲೇ ಸಡಿಲಿಸಿ, ಬಿಗಿಸಲು ಪೂರಾ ಜಾಗ ಇರುವಂತೆ ಇಡಿ. ಇನ್ನೊಂದು ತುದಿಯನ್ನು ಕೈಯಿಂದ ಚೆನ್ನಾಗಿ ಎಳೆದು ಹಿಡಿದು ಆಲನ್ ಕೀಯಿಂದ ಸ್ಕ್ರೂ ಬಿಗಿಸಿ. ಹೊರಗೆ ಉಳಿದದ್ದನ್ನು ತೊಂಬತ್ತು ಡಿಗ್ರಿ ಮಡಚಿ. ಸ್ವರಕ್ಕೆ ತಂದು, ಜಾರುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಮಡಚಿದ ಜಾಗದಿಂದ ಒಂದೆರಡು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಮೊದಲೇ ಕತ್ತರಿಸಿದರೆ ಒಳಗಿನ ಉಕ್ಕಿನ ಎಳೆಯ ಮೇಲೆ ಸುತ್ತಿದ ತಂತಿ ಬಿಚ್ಚಿಕೊಂಡು ಸಡಿಲವಾಗುತ್ತದೆ. ನೋಡಲು ಹೊಸದಾಗಿದ್ದರೂ ನಾದ ಸತ್ತಿರುತ್ತದೆ. ಆ ಪುಟ್ಟ ಸ್ಕ್ರೂಗಳು ನಮ್ಮ ಮಳೆಗಾಲದಲ್ಲಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಜೂನ್‌ಗೆ ಮೊದಲು ಒಂದೊಂದಾಗಿ ಬಿಚ್ಚಿ ಎಣ್ಣೆಯ ಹನಿ ಹಾಕಿ, ಆಲನ್ ಕೀಯನ್ನು ಚೀಲದಲ್ಲೇ ಕಟ್ಟಿಡಿ.

ಇನ್ನು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲ, ಮಡಿಕೇರಿ ಕಡೆ ಬಟ್ಟೆ ಒಣಗದು, ಚಪ್ಪಲಿಗೆ ಬೂಷ್ಟು ಬರುತ್ತದೆ. ಅದೇ ಗಾಳಿಯಲ್ಲೇ ಗಿಟಾರಿನ ನೆಕ್ಕೂ ಇರುವುದು. ಮರ ನೀರು ಕುಡಿದು ಉಬ್ಬುತ್ತದೆ. ಮರದ ಜಾತಿ, ಕುಯ್ದ ರೀತಿ ನೋಡಿಕೊಂಡು ನೆಕ್ ಮುಂದಕ್ಕೋ ಹಿಂದಕ್ಕೋ ಬಾಗುತ್ತದೆ. ಮುಂದಕ್ಕೆ ಬಾಗಿದರೆ ತಂತಿ ಮೇಲೆದ್ದು ಒತ್ತಲು ಕಷ್ಟ. ಹಿಂದಕ್ಕೆ ಬಾಗಿದರೆ ಮೊದಲ ಮೂರ್ನಾಲ್ಕು ಫ್ರೆಟ್‌ನಲ್ಲಿ ತಂತಿ ಬಡಿದು ಜರ್ ಎನ್ನುತ್ತದೆ. ಜನವರಿಯ ಒಣ ಹವೆಗೆ ಮರ ಕುಗ್ಗಿದಾಗ ಫ್ರೆಟ್‌ನ ತುದಿಗಳು ಅಂಚಿನಿಂದ ಹೊರಚಾಚಿ ಅಂಗೈ ಗೀರುತ್ತವೆ.

ಅಳತೆ ಮಾಡುವುದು ಸುಲಭ. ಗಿಟಾರನ್ನು ನುಡಿಸುವ ಭಂಗಿಯಲ್ಲೇ ಹಿಡಿದು, ನಾಲ್ಕರಲ್ಲಿ ಅತಿ ದಪ್ಪನೆಯದಾದ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ ಮೈಗೆ ಸೇರುವ ಜಾಗದ ಫ್ರೆಟ್‌ನಲ್ಲೂ ಒತ್ತಿ. 7–8ನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು, ಅಂದರೆ ಸುಮಾರು 0.3 ಮಿಲಿಮೀಟರ್ ಅಂತರ ಇರಬೇಕು. ಹೆಚ್ಚಿದ್ದರೆ ತಂತಿ ಸಡಿಲಿಸಿ, ಬಾಗು ಸರಿಪಡಿಸಲು ನೆಕ್ಕಿನೊಳಗಿರುವ ಲೋಹದ ಸರಳಾದ ಟ್ರಸ್ ರಾಡ್ ಬಿಗಿಸಿ, ಅಂತರವೇ ಇಲ್ಲದಿದ್ದರೆ ರಾಡ್ ಸಡಿಲಿಸಿ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ. ತಿರುಗದಿದ್ದರೆ ಜೋರು ಮಾಡಲೇಬೇಡಿ, ರಾಡ್ ಮುರಿದರೆ ನೆಕ್ಕೇ ಹೋದಂತೆ. ಚರ್ಮವಾದ್ಯವನ್ನು ಬೆಂಕಿಗೆ ಕಾಸಿ ಶ್ರುತಿಗೆ ತರುವುದು ನಮ್ಮಲ್ಲಿ ರೂಢಿ. ಅದೇ ಅಭ್ಯಾಸದಿಂದ ಗಿಟಾರನ್ನು ಒಲೆಯ ಪಕ್ಕ ಒರಗಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದೇ ಬದಿಗೆ ಶಾಖ ತಾಗಿ ನೆಕ್ ತಿರುಚಿಕೊಳ್ಳುತ್ತದೆ, ಬೆರಳೊತ್ತುವ ಹಲಗೆಯಾದ ಫಿಂಗರ್‌ಬೋರ್ಡ್‌ನ ಅಂಟು ಬಿಡುತ್ತದೆ. ತಿರುಚಿದ್ದನ್ನು ಟ್ರಸ್ ರಾಡ್ ನೆಟ್ಟಗೆ ಮಾಡಲಾರದು.

ಕಾರ್ಬನ್ ಫೈಬರ್ ನೆಕ್ ನೀರು ಕುಡಿಯುವುದಿಲ್ಲ. ಬೇರೆ ಊರಿನವರಿಗೆ ದುಬಾರಿ ಹುಚ್ಚು ಎನ್ನಿಸುವ ಈ ಸಾಮಗ್ರಿ ಕೊಡಗಿನ ವಾದಕನಿಗೆ ನಿಜವಾಗಿಯೂ ಒಗ್ಗುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಎರಡು ಎಚ್ಚರಿಕೆ ಮಾತ್ರ. ತಲೆಯಿಲ್ಲ ಎಂದ ಮಾತ್ರಕ್ಕೆ ಅದು ಕಾರ್ಬನ್ ಅಲ್ಲ. ಕಡಿಮೆ ಬೆಲೆಯ ಹೆಡ್‌ಲೆಸ್‌ಗಳ ನೆಕ್ ಸಾಮಾನ್ಯವಾಗಿ ಮರದ್ದೇ, ಅದೂ ಉಬ್ಬುತ್ತದೆ. ಎರಡನೆಯದು, ಕೆಲವು ಕಾರ್ಬನ್ ನೆಕ್‌ಗಳಲ್ಲಿ ಟ್ರಸ್ ರಾಡ್ ಇರುವುದೇ ಇಲ್ಲ. ದಪ್ಪ ತಂತಿಯಿಂದ ತೆಳು ತಂತಿಗೆ ಬದಲಾಯಿಸಿದರೆ ಬಾಗು ಸರಿಪಡಿಸಲು ದಾರಿಯಿಲ್ಲ. ಅಷ್ಟು ಹಣ ಇಲ್ಲದವರು ಮರದೊಳಗೆ ಎರಡು ಕಾರ್ಬನ್ ಪಟ್ಟಿ ಕೂರಿಸಿದ ನೆಕ್ಕನ್ನೋ, ಬಿಸಿಯಲ್ಲಿ ಹದ ಮಾಡಿದ ಮೇಪಲ್ ನೆಕ್ಕನ್ನೋ ನೋಡಬಹುದು.

ಫಿಂಗರ್‌ಬೋರ್ಡ್‌ನ ಮರದ ಬಗ್ಗೆಯೂ ಒಂದು ಮಾತು. ಇಂಡಿಯನ್ ರೋಸ್‌ವುಡ್ ಎಂದು ಜಗತ್ತು ಕರೆಯುವುದು ನಮ್ಮ ಕಾಡಿನ ಬೀಟೆಯನ್ನೇ. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಾಗ ಹಲವು ತಯಾರಕರು ಬೇರೆ ಮರಕ್ಕೆ, ಕಾಗದ–ರಾಳದ ಹಲಗೆಗೆ ಹೊರಳಿದರು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬೀಟೆ ಇಲ್ಲದ್ದು ನಕಲಿ ಎಂಬ ಮಾತನ್ನು ನಂಬಬೇಡಿ. ರಾಳದ ಹಲಗೆ ನಮ್ಮ ಹವೆಗೆ ಮರಕ್ಕಿಂತ ಕಡಿಮೆ ಉಬ್ಬಿ ಕುಗ್ಗುತ್ತದೆ.

ಐದು ತಂತಿ ಮತ್ತು ಓರೆ ಫ್ರೆಟ್‌ನ ವಿಚಾರ ಬೇರೆ. ನೆಕ್ಕಿನ ತುದಿಯಲ್ಲಿ ತಂತಿ ಹಾಯುವ ನಟ್‌ನಿಂದ ಬ್ರಿಡ್ಜ್‌ವರೆಗಿನ ಮಾಮೂಲಿ ಉದ್ದ 34 ಇಂಚು. ಅದೇ ತಂತಿಯನ್ನು ಅದೇ ಸ್ವರಕ್ಕೆ 35 ಇಂಚಿನಲ್ಲಿ ಕಟ್ಟಿದರೆ ಬಿಗಿ ಶೇ 6ರಷ್ಟು, 37ರಲ್ಲಿ ಕಟ್ಟಿದರೆ ಶೇ 18ರಷ್ಟು ಏರುತ್ತದೆ. ಕೆಳಗಿನ ಬಿ ತಂತಿ ಜೋಲುವುದು ಇದರಿಂದ ನಿಲ್ಲುತ್ತದೆ. ದಪ್ಪ ಬಿ ತಂತಿಗೆ 37 ಇಂಚು, ತೆಳು ಜಿ ತಂತಿಗೆ 34 ಇಂಚು ಎಂದು ಬೇರೆ ಬೇರೆ ಉದ್ದ ಕೊಡಲೆಂದೇ ಫ್ರೆಟ್ ಓರೆಯಾಗಿರುವುದು. ಲಾಭ ನಿಜ. ಆದರೆ ಬ್ರಿಡ್ಜ್, ತಂತಿಯ ಕಂಪನ ಹಿಡಿಯುವ ಪಿಕಪ್ ಎಲ್ಲವೂ ಓರೆಯಾದ್ದರಿಂದ ಕೆಟ್ಟರೆ ಬೇರೆ ಗಿಟಾರಿನ ಭಾಗ ಕೂರುವುದಿಲ್ಲ. ಬಿ ಸ್ವರ 31 ಹರ್ಟ್ಸ್. ಸಬ್‌ವೂಫರ್ ಇಲ್ಲದ ಬಾಡಿಗೆ ಬಾಕ್ಸ್‌ಗಳು ಅಲ್ಲಿಗೆ ಇಳಿಯುವುದಿಲ್ಲ, ಸಭೆಗೆ ಕೇಳುವುದು ಅದರ ದುಪ್ಪಟ್ಟಾದ 62 ಹರ್ಟ್ಸ್ ಮತ್ತು ಅದಕ್ಕೂ ಮೇಲಿನದು ಮಾತ್ರ. ಹಾಡುಗಾರ ಶ್ರುತಿ ಇಳಿಸಿ ಹಾಡುವ ತಂಡದಲ್ಲಿದ್ದರೆ ಐದನೇ ತಂತಿ ಕೊಳ್ಳಿ, ಇಲ್ಲದಿದ್ದರೆ ಅವಸರ ಬೇಡ.

ಮಕ್ಕಳಿಗೆ ನಟ್‌ನಿಂದ ಬ್ರಿಡ್ಜ್‌ಗೆ 30 ಇಂಚು ಇರುವ ಗಿಟಾರ್ ಒಳ್ಳೆಯದು. ನಟ್‌ನಿಂದ ಮೊದಲ ಫ್ರೆಟ್‌ಗಿರುವ ಅಂತರ 48 ಮಿಲಿಮೀಟರಿನಿಂದ 43ಕ್ಕೆ ಇಳಿಯುತ್ತದೆ. ಉದ್ದ ಗಿಟಾರಿನ ತಂತಿಯನ್ನು ಕತ್ತರಿಸಿ ಅದಕ್ಕೆ ಹಾಕಬೇಡಿ, ದಪ್ಪ ಭಾಗ ಟ್ಯೂನರಿಗೆ ಸುತ್ತಿ ಕಡಿಯುತ್ತದೆ.

ಸ್ಪರ್ಧೆ, ಉತ್ಸವ ನಡೆಸುವ ಸಮಿತಿಗಳಲ್ಲಿ ಒಂದು ವಿನಂತಿ. ಗಿಟಾರಿನ ಆಕಾರ ನೋಡಿ ಯಾರನ್ನೂ ವೇದಿಕೆಯಿಂದ ದೂರ ಇಡಬೇಡಿ. ತಲೆ ಹಿಡಿದು ನೇತುಹಾಕುವ ಸ್ಟ್ಯಾಂಡ್‌ನಲ್ಲಿ ಹೆಡ್‌ಲೆಸ್ ನಿಲ್ಲುವುದಿಲ್ಲ, ಜಾರಿ ಬೀಳುತ್ತದೆ. ಕೆಳಗಿನಿಂದ ಮೈಯನ್ನು ಹಿಡಿಯುವ ಸ್ಟ್ಯಾಂಡ್ ಒಂದನ್ನಾದರೂ ಇಡಿಸಿ. ಶ್ರುತಿ ತೋರಿಸುವ ಕ್ಲಿಪ್ ಟ್ಯೂನರ್ ಸಿಕ್ಕಿಸಲು ಅದಕ್ಕೆ ತಲೆಯೂ ಇಲ್ಲ, ಆದ್ದರಿಂದ ವೈರಿನಲ್ಲಿ ಸೇರಿಸುವ ಪೆಡಲ್ ಟ್ಯೂನರ್‌ಗೆ ಒಂದು ಪ್ಲಗ್ ಪಾಯಿಂಟ್ ಬೇಸ್ ವಾದಕನ ಕಾಲ ಬಳಿ ಇರಲಿ.

– ಬೇಸ್ ಗಿಟಾರ್ ನುಡಿಸುವ, ದುರಸ್ತಿ ಮಾಡುವ ಕೆಲವು ಓದುಗರು, ಮಡಿಕೇರಿ