ಸ್ಪಿತಿ ಪ್ರಯಾಣದ ದಾರಿ ಬದಲಾಗಿದೆ: ನಮ್ಮ ಪ್ರಯಾಣಿಕರಿಗೆ ಒಂದು ಪತ್ರ

ಆತ್ಮೀಯರೇ,

ಮುಂದಿನ ಸೀಸನ್ನಿನಿಂದ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ನಮ್ಮ ಪ್ರಯಾಣ ಮನಾಲಿಯಿಂದ ಹೊರಡುವುದಿಲ್ಲ. ಶಿಮ್ಲಾ ಮೇಲಿಂದ ಕಿನ್ನೌರ್ ಜಿಲ್ಲೆ ದಾಟಿ ಸ್ಪಿತಿಗೆ ಹೋಗುತ್ತೇವೆ, ಅದೇ ದಾರಿಯಲ್ಲಿ ವಾಪಸ್ ಬರುತ್ತೇವೆ. 8 ದಿನದ ಪ್ರಯಾಣ 14 ದಿನ ಆಗುತ್ತದೆ. ಒಂದು ತಂಡದಲ್ಲಿ 10 ಜನ ಮಾತ್ರ ಇರುತ್ತಾರೆ. ಚಂದ್ರತಾಲ್ ಸರೋವರವನ್ನು ಕೈಬಿಟ್ಟಿದ್ದೇವೆ. ಜುಲೈ ಮತ್ತು ಆಗಸ್ಟಿನಲ್ಲಿ ತಂಡ ಹೊರಡುವುದಿಲ್ಲ. ಖರ್ಚು ಹಿಂದಿಗಿಂತ ಸುಮಾರು ಮೂರನೇ ಒಂದು ಭಾಗ ಜಾಸ್ತಿ ಆಗುತ್ತದೆ.

ಈಗಾಗಲೇ ಮುಂಗಡ ಕೊಟ್ಟವರಿಗೆ ಏನು ವ್ಯವಸ್ಥೆ ಎಂಬುದು ಪತ್ರದ ಕೊನೆಯಲ್ಲಿದೆ. ಅವಸರ ಇದ್ದರೆ ಮೊದಲು ಅದನ್ನೇ ಓದಿ. ಆದರೆ ಸ್ವಲ್ಪ ಬಿಡುವು ಮಾಡಿಕೊಂಡು ಪೂರ್ತಿ ಓದಿದರೆ ನಮಗೆ ಖುಷಿ. ದುಡ್ಡು ಜಾಸ್ತಿ, ದಿನ ಜಾಸ್ತಿ, ನೋಡುವ ಜಾಗ ಒಂದು ಕಡಿಮೆ ಅಂದರೆ ಯಾರಿಗಾದರೂ ಪ್ರಶ್ನೆ ಬರುತ್ತದೆ ಅಲ್ವಾ?

ಮೊದಲು ದೇಹದ ವಿಷಯ. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಮನಾಲಿ ಸುಮಾರು 2,050. ಅಲ್ಲಿಂದ ಬೆಳಿಗ್ಗೆ ಹೊರಟರೆ 4,500 ಮೀಟರ್ ದಾಟಿದ ಕುಂಜುಮ್ ಕಣಿವೆದಾರಿ ಹತ್ತಿ, ಸಂಜೆಗೆ 3,650 ಮೀಟರ್ ಎತ್ತರದಲ್ಲಿರುವ, ಸ್ಪಿತಿಯ ಮುಖ್ಯ ಊರು ಕಾಜಾ ತಲುಪಬಹುದು. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಈ ದಾರಿ ಇನ್ನೂ ಸಲೀಸಾಯಿತು. ಗಾಡಿಗೆ ಸಲೀಸು, ಸರಿ. ನಮ್ಮ ರಕ್ತಕ್ಕೆ, ಶ್ವಾಸಕೋಶಕ್ಕೆ ಅಷ್ಟು ಬೇಗ ಹೊಂದಿಕೊಳ್ಳಲು ಆಗುವುದಿಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ ಎನ್ನುವುದು ಪರ್ವತ ವೈದ್ಯರ ಸಾಮಾನ್ಯ ಸಲಹೆ. ಮನಾಲಿಯಿಂದ ನೇರ ಚಂದ್ರತಾಲ್ ಡೇರೆಗೆ ಹೋದರೆ ಒಂದೇ ದಿನದಲ್ಲಿ 2,000 ಮೀಟರಿಗಿಂತ ಹೆಚ್ಚು ಏರಿದಂತೆ. ತಲೆನೋವು, ವಾಂತಿ, ನಿದ್ದೆ ಬಾರದ ರಾತ್ರಿ. ಹೆಚ್ಚಾದರೆ ಶ್ವಾಸಕೋಶದಲ್ಲಿ, ಮೆದುಳಿನಲ್ಲಿ ನೀರು ತುಂಬಬಹುದು, ಜೀವಕ್ಕೇ ಅಪಾಯ. ಅದಕ್ಕೆ ನಂಬಬಹುದಾದ ಚಿಕಿತ್ಸೆ ಬೇಗ ಕೆಳಗಿಳಿಯುವುದು. ಚಂದ್ರತಾಲ್‌ನಿಂದ ಅವಸರಕ್ಕೆ ಇಳಿಯುವ ದಾರಿ ಸುಲಭದ್ದಲ್ಲ. 2023ರ ಜುಲೈನಲ್ಲಿ ಅಕಾಲದಲ್ಲಿ ಹಿಮ ಬಿದ್ದು 250ಕ್ಕೂ ಹೆಚ್ಚು ಪ್ರವಾಸಿಗಳು ಅಲ್ಲಿ ಹಲವು ದಿನ ಸಿಕ್ಕಿಹಾಕಿಕೊಂಡಿದ್ದರು.

ಕಿನ್ನೌರ್ ದಾರಿಯಲ್ಲಿ ಎತ್ತರ ಮೆಲ್ಲಗೆ ಬರುತ್ತದೆ. ನಾರ್ಕಂಡಾ, ಆಮೇಲೆ ಸರಾಹನ್, ಆಮೇಲೆ 2,960 ಮೀಟರಿನ ಕಲ್ಪಾದಲ್ಲಿ ಎರಡು ರಾತ್ರಿ. ಅಲ್ಲಿಂದ 3,280 ಮೀಟರಿನ ತಾಬೋ. ಅಲ್ಲೂ ಎರಡು ರಾತ್ರಿ. ಕಾಜಾ ತಲುಪುವ ಹೊತ್ತಿಗೆ ಒಂಬತ್ತನೇ ದಿನ ಆಗಿರುತ್ತದೆ. 4,400 ಮೀಟರಿನ ಲಾಂಗ್ಜಾ, ಇನ್ನೂ ಮೇಲಿನ ಕೋಮಿಕ್ ಹಳ್ಳಿಗಳನ್ನು ಹಗಲಲ್ಲಿ ನೋಡಿ ಕೆಳಗೆ ಬಂದು ಮಲಗುತ್ತೇವೆ. ನಮ್ಮಲ್ಲಿ ಅರವತ್ತು ದಾಟಿದವರೇ ಜಾಸ್ತಿ. ಅವರಿಗೂ ಈ ಲೆಕ್ಕದಲ್ಲಿ ಸ್ಪಿತಿ ಕೈಗೆಟುಕುತ್ತದೆ.

ಇಷ್ಟೇ ಆಗಿದ್ದರೆ ಮನಾಲಿಯಲ್ಲಿ ಎರಡು ದಿನ ಜಾಸ್ತಿ ಇದ್ದು ಹೋಗಬಹುದಿತ್ತು. ದಾರಿ ಬದಲಿಸಲು ನಮಗೆ ಇದಕ್ಕಿಂತ ದೊಡ್ಡ ಕಾರಣ ಇದೆ. ನಮ್ಮದು ಸಂಸ್ಕೃತಿಯನ್ನು ತಿಳಿಯುವ ಪ್ರಯಾಣ. ಆ ಸಂಸ್ಕೃತಿ ಶುರುವಾಗುವುದು ಈ ದಾರಿಯಲ್ಲೇ.

ಸರಾಹನ್‌ನಲ್ಲಿ ಭೀಮಾಕಾಳಿ ದೇವಸ್ಥಾನ ಇದೆ. ಬುಶಹರ್ ರಾಜರ ಕುಲದೇವಿ. ಗೋಡೆಯಲ್ಲಿ ಒಂದು ಸಾಲು ಕಲ್ಲು, ಒಂದು ಸಾಲು ದೇವದಾರು ಮರದ ತೊಲೆ, ಮತ್ತೆ ಕಲ್ಲು, ಮತ್ತೆ ಮರ. ಭೂಕಂಪ ಬಂದರೂ ಗೋಡೆ ಅಲುಗಾಡಿ ನಿಲ್ಲಲಿ ಎಂದು ಹಾಗೆ ಕಟ್ಟುತ್ತಾರೆ. ಮರ ಹೇರಳವಾಗಿ ಸಿಗುವ ಊರಿನ ಬುದ್ಧಿ ಅದು. ಕಲ್ಪಾಕ್ಕೆ ಬಂದರೆ ನಾರಾಯಣ ನಾಗಿನಿ ದೇವಸ್ಥಾನವೂ ಇದೆ, ಬೌದ್ಧ ಗೊಂಪಾ, ಅಂದರೆ ಮಠವೂ ಇದೆ. ಒಂದೇ ಮನೆಯವರು ಎರಡೂ ಕಡೆ ಕೈಮುಗಿಯುತ್ತಾರೆ. ಎದುರಿಗೆ ಕಿನ್ನರ ಕೈಲಾಸ ಪರ್ವತ. ಹಸಿರು ಪಟ್ಟಿಯ ಟೋಪಿ ಹಾಕಿದ ಅಜ್ಜಿಯರು ಬಿಸಿಲಲ್ಲಿ ಚಿಲ್ಗೋಜಾ ಎಂಬ ಪೈನ್ ಬೀಜ ಬಿಡಿಸುತ್ತಾ ಕೂತಿರುತ್ತಾರೆ. ಖಾಬ್ ಎಂಬಲ್ಲಿ ಸ್ಪಿತಿ ನದಿ ಸಟ್ಲೆಜ್‌ಗೆ ಸೇರುತ್ತದೆ. ಅಲ್ಲಿಂದ ಮೇಲೆ ಕಾಡು ಮುಗಿಯಿತು. ಮಳೆಮೋಡ ಬೆಟ್ಟ ದಾಟಿ ಈಚೆ ಬರುವುದು ಅಪರೂಪ. ಮರ ಇಲ್ಲ, ಆದ್ದರಿಂದ ಮನೆ ಮಣ್ಣಿನದು. ಮಳೆ ಇಲ್ಲ, ಆದ್ದರಿಂದ ಚಾವಣಿ ಚಪ್ಪಟೆ. ಚಾವಣಿ ಮೇಲೆ ಚಳಿಗಾಲಕ್ಕೆ ಸೌದೆ, ಮೇವು. ದೇವರು, ಮನೆ, ಊಟ, ಮಾತು ಎಲ್ಲವೂ ಊರಿಂದ ಊರಿಗೆ ಸ್ವಲ್ಪ ಸ್ವಲ್ಪವೇ ಬದಲಾಗುವುದನ್ನು ಈ ದಾರಿಯಲ್ಲಿ ಕಣ್ಣಾರೆ ನೋಡಬಹುದು. ಕುಂಜುಮ್ ದಾಟಿ ಹೋದವರಿಗೆ ಸ್ಪಿತಿ ಒಮ್ಮೆಲೇ ಎದುರಾಗುತ್ತದೆ. ಚೆಂದ ಕಾಣುತ್ತದೆ, ನಿಜ. ಅದು ಯಾಕೆ ಹಾಗಿದೆ ಎಂಬುದು ಮಾತ್ರ ತಿಳಿಯುವುದಿಲ್ಲ.

ಇನ್ನು ತಾಬೋ. ಎರಡು ರಾತ್ರಿ ಯಾಕೆ ಎಂದು ಹಲವರು ಕೇಳಿದ್ದೀರಿ. ಹೊರಗಿಂದ ನೋಡಿದರೆ ಅಲ್ಲಿ ಮಣ್ಣಿನ ಕೆಲವು ಕಟ್ಟಡ ಬಿಟ್ಟರೆ ಏನೂ ಇಲ್ಲ. ಬೆಟ್ಟದ ತುದಿಯ ಕೀ ಗೊಂಪಾದ ಹಾಗೆ ಫೋಟೋಗೆ ಹೇಳಿ ಮಾಡಿಸಿದ ಜಾಗ ಅಲ್ಲ. ಆದರೆ ಆ ಬೌದ್ಧ ಮಠವನ್ನು ಕಟ್ಟಿದ್ದು 996ರಲ್ಲಿ. ಪಶ್ಚಿಮ ಟಿಬೆಟ್ಟಿನ ಗುಗೆ ರಾಜ್ಯದ ಯೆಶೆ ಓದ್ ಕಟ್ಟಿಸಿದ್ದು. 46 ವರ್ಷದ ನಂತರ ಅವನ ವಂಶದ ಜಂಗ್‌ಚುಬ್ ಓದ್ ಜೀರ್ಣೋದ್ಧಾರ ಮಾಡಿಸಿದ. ಆ ಕಾಲದಲ್ಲಿ ರಿಂಚೆನ್ ಜಂಗ್ಪೋ ಎಂಬ ಪಂಡಿತ ಕಾಶ್ಮೀರಕ್ಕೆ ಹೋಗಿ ಸಂಸ್ಕೃತ ಗ್ರಂಥಗಳನ್ನು ಕಲಿತು ಅನುವಾದ ಮಾಡಿದ, ಕಾಶ್ಮೀರದ ಕಲಾವಿದರನ್ನೂ ಕರೆತಂದ. ಆ ಕೈಗಳ ಗುರುತು ತಾಬೋದ ಗೋಡೆಗಳ ಮೇಲೆ ಇವತ್ತಿಗೂ ಇದೆ. ಸಾವಿರ ವರ್ಷದಿಂದ ಪೂಜೆ ನಿಲ್ಲದ ಜಾಗ ಅದು.

ದೊಡ್ಡ ಗುಡಿಯ ಒಳಗೆ ಹೋದ ತಕ್ಷಣ ಕತ್ತಲೆ. ಮೊದಲು ಏನೂ ಕಾಣುವುದಿಲ್ಲ. ಬಂದವರು ಐದು ನಿಮಿಷ ಸುತ್ತಿ ಹೊರಗೆ ಹೋಗಿಬಿಡುತ್ತಾರೆ. ಸುಮ್ನೆ ಕೂತರೆ ಕಣ್ಣು ನಿಧಾನವಾಗಿ ಹೊಂದಿಕೊಳ್ಳುತ್ತದೆ. ಆಗ ನಡುವೆ ನಾಲ್ಕು ದಿಕ್ಕಿಗೆ ಮುಖ ಮಾಡಿ ಕೂತ ವೈರೋಚನ ಬುದ್ಧ ಕಾಣುತ್ತಾನೆ. ಸುತ್ತ ಗೋಡೆಯಲ್ಲಿ, ನಮ್ಮ ತಲೆಗಿಂತ ಮೇಲೆ, ಗಾರೆಮಣ್ಣಿನ 32 ಮೂರ್ತಿಗಳು ಒಂದೊಂದಾಗಿ ಕತ್ತಲಿನಿಂದ ಹೊರಗೆ ಬರುತ್ತವೆ. ಇಡೀ ಕೋಣೆಯೇ ಒಂದು ಮಂಡಲ, ಅಂದರೆ ದೇವತೆಗಳ ಲೋಕದ ನಕ್ಷೆ, ನಾವು ಕೂತಿರುವುದು ಅದರ ಒಳಗೆ. ಮೂರ್ತಿಗಳ ಕೆಳಗೆ ಬುದ್ಧನ ಕಥೆ, ಸುಧನ ಎಂಬ ಹುಡುಗ ಗುರುಗಳನ್ನು ಹುಡುಕಿಕೊಂಡು ಊರೂರು ಅಲೆದ ಕಥೆ. ಒಳಗೆ ಫೋಟೋ ತೆಗೆಯುವಂತಿಲ್ಲ. ಟಾರ್ಚನ್ನೂ ನೇರ ಚಿತ್ರಕ್ಕೆ ಹಿಡಿಯಬೇಡಿ ಎಂದು ಕೇಳಿಕೊಳ್ಳುತ್ತೇವೆ. ಒಂದು ದಿನ ಬೆಳಗಿನ ಪ್ರಾರ್ಥನೆ, ಇನ್ನೊಂದು ದಿನ ನಿಧಾನವಾಗಿ ಗೋಡೆಗಳು. ನಮ್ಮನ್ನು ಕೇಳಿದರೆ ಈ ಎರಡು ದಿನಕ್ಕಾಗಿಯೇ ಇಡೀ ಪ್ರಯಾಣ ಮಾಡಬಹುದು.

1975ರ ಜನವರಿಯ ಕಿನ್ನೌರ್ ಭೂಕಂಪದಲ್ಲಿ ತಾಬೋಗೂ ಪೆಟ್ಟು ಬಿತ್ತು. ಈಗ ಭಾರತೀಯ ಪುರಾತತ್ವ ಇಲಾಖೆ ಅದನ್ನು ನೋಡಿಕೊಳ್ಳುತ್ತದೆ. ಹಿಮಕ್ಕೆ ಎಂದು ಮಾಡಿದ ಮಣ್ಣಿನ ಚಾವಣಿ ಜೋರು ಮಳೆ ತಡೆಯುವುದಿಲ್ಲ. ಒಂದು ದಿನ ಎಡೆಬಿಡದೆ ಸುರಿದರೂ ಅಲ್ಲಿನವರಿಗೆ ಆತಂಕ. ಅಂಥ ಜಾಗಕ್ಕೆ ಒಟ್ಟಿಗೆ ಇಪ್ಪತ್ತು ಜನ ನುಗ್ಗುವುದು ಬೇಡ ಅನ್ನಿಸಿತು. ತಂಡ ಚಿಕ್ಕದಾಗಿರುವುದು ಅದಕ್ಕೇ.

ಸ್ಪಿತಿಗೆ ಸೇರಿದ ಪಿನ್ ಕಣಿವೆಯ ಬಗ್ಗೆ ಒಂದು ವಿಷಯ ಸ್ಪಷ್ಟ ಮಾಡುತ್ತೇವೆ. ಅಲ್ಲಿ ಬುಚೆನ್ ಎಂಬ ಗೃಹಸ್ಥ ಕಲಾವಿದರಿದ್ದಾರೆ. ಹಳ್ಳಿ ಹಳ್ಳಿಗೆ ಹೋಗಿ ಧರ್ಮದ ಕಥೆಗಳನ್ನು ಆಡುತ್ತಾರೆ, ಹೊಟ್ಟೆಯ ಮೇಲೆ ಕಲ್ಲಿಟ್ಟು ಒಡೆಯುವ ಒಂದು ವಿಧಿ ಮಾಡುತ್ತಾರೆ. ಕೆಡುಕನ್ನು ಕಳೆಯಲು ಊರವರು ಕರೆಸಿ ಮಾಡಿಸುವ ಪೂಜೆ ಅದು. ನಾವು ಹಣ ಕೊಟ್ಟು ಅದನ್ನು ಆಡಿಸುವುದಿಲ್ಲ. ನಾವಿರುವಾಗ ಊರಲ್ಲಿ ನಡೆದರೆ, ಅವರು ಬನ್ನಿ ಅಂದರೆ, ಹಿಂದೆ ಕೂತು ನೋಡೋಣ. ಲಾಂಗ್ಜಾದಲ್ಲಿ ಮಾರುವ ಪಳೆಯುಳಿಕೆಗಳನ್ನೂ ದಯವಿಟ್ಟು ಕೊಳ್ಳಬೇಡಿ. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದ ಜೀವಿಗಳು ಅವು. ಆ ನೆಲದಲ್ಲೇ ಇರಲಿ. ತುಂಬಾ ಎತ್ತರದಲ್ಲಿರುವುದಕ್ಕೆ ಹೆಸರಾದ ಹಿಕ್ಕಿಮ್ ಹಳ್ಳಿಯ ಅಂಚೆ ಕಚೇರಿಯಿಂದ ಮೊಮ್ಮಕ್ಕಳಿಗೆ ಕಾರ್ಡ್ ಹಾಕಬೇಕು ಎಂದವರಿಗೆ ಆ ಅವಕಾಶ ಹಾಗೇ ಇದೆ.

ನಮ್ಮ ಅಡುಗೆಯವರನ್ನು ಇನ್ನು ಕರೆದೊಯ್ಯುವುದಿಲ್ಲ. ಇದು ಕೆಲವರಿಗೆ ಬೇಸರ ತರಬಹುದು, ಗೊತ್ತು. ತಾಬೋದಿಂದ ಮುಂದೆ ಹಳ್ಳಿಯವರ ಮನೆಯಲ್ಲೇ ವಾಸ, ಅವರು ಮಾಡಿದ್ದೇ ಊಟ. ಅನ್ನ, ದಾಲ್, ಥುಕ್ಪಾ ಎಂಬ ನೂಡಲ್ ಸೂಪ್, ಬಾರ್ಲಿ ರೊಟ್ಟಿ, ಹಸಿ ಬಟಾಣಿ ಪಲ್ಯ, ಉಪ್ಪು ಬೆಣ್ಣೆ ಹಾಕಿದ ಚಹಾ. ಸಸ್ಯಾಹಾರಿಗಳಿಗೆ ಏನೂ ತೊಂದರೆ ಇಲ್ಲ. ಚಟ್ನಿಪುಡಿ, ಉಪ್ಪಿನಕಾಯಿ ನಿಮ್ಮ ಚೀಲದಲ್ಲಿರಲಿ, ಆ ಮನೆಯವರಿಗೂ ಕೊಡಿ. ಹಣ ನೇರ ಆ ಮನೆಗೇ ಹೋಗುತ್ತದೆ, ಮನೆಗಳು ಸರದಿಯಲ್ಲಿ ಬದಲಾಗುತ್ತವೆ. ಡೇರೆ ಮತ್ತು ಅಡುಗೆಯ ಖರ್ಚು ಉಳಿದಿದ್ದರಿಂದಲೇ ದಿನ ಇಷ್ಟು ಹೆಚ್ಚಾದರೂ ದರ ಅಷ್ಟೇ ಏರಿಲ್ಲ.

ಅಲ್ಲಿನ ಹೊಲಗಳಿಗೆ ನೀರು ಬರುವುದು ಕರಗಿದ ಹಿಮದಿಂದ, ಮೈಲಿಗಟ್ಟಲೆ ಕಾಲುವೆ ತೋಡಿ. ಆದ್ದರಿಂದ ದಿನಾ ಸ್ನಾನಕ್ಕೆ ಬಿಸಿನೀರು ಕೇಳಬೇಡಿ. ಶೌಚಾಲಯ ನೀರಿಲ್ಲದ ಗುಂಡಿಯದು. ಮಣ್ಣು, ಬೂದಿ ಹಾಕಿ ಕೊಳೆಯಿಸಿ ಅದೇ ಹೊಲಕ್ಕೆ ಗೊಬ್ಬರ. ಟಿಶ್ಯೂ, ಪ್ಲಾಸ್ಟಿಕ್ ಅದರೊಳಗೆ ಬಿದ್ದರೆ ಆ ಗೊಬ್ಬರ ಕೆಟ್ಟಂತೆ. ಮಂಡಿನೋವು ಇದ್ದವರು ಮೊದಲೇ ಹೇಳಿ, ಕುರ್ಚಿಯ ವ್ಯವಸ್ಥೆ ಮಾಡುತ್ತೇವೆ.

ತಂಡಗಳು ಜೂನ್ ಮೊದಲ ಅರ್ಧದಲ್ಲಿ ಮತ್ತು ಸೆಪ್ಟೆಂಬರ್ ಮಧ್ಯದಿಂದ ಹೊರಡುತ್ತವೆ. ಸ್ಪಿತಿಯಲ್ಲಿ ಮಳೆ ಕಡಿಮೆ ಇರಬಹುದು, ಅಲ್ಲಿಗೆ ಹೋಗುವ ಕೆಳ ಕಿನ್ನೌರಿನಲ್ಲಿ ಹಾಗಲ್ಲ. 2021ರ ಆಗಸ್ಟಿನಲ್ಲಿ ನಿಗುಲ್ಸಾರಿ ಹತ್ತಿರ ಗುಡ್ಡ ಕುಸಿದು ಬಸ್ಸು, ಗಾಡಿಗಳ ಮೇಲೆ ಬಿತ್ತು. 28 ಜನ ಸತ್ತರು. ಅದೇ ದಾರಿಯಲ್ಲಿ ನಾವು ಹೋಗುವುದು. ಜುಲೈ, ಆಗಸ್ಟಿನ ರಜೆಗೆ ಎಷ್ಟೇ ಬೇಡಿಕೆ ಇದ್ದರೂ ನಮ್ಮ ಉತ್ತರ ಇಲ್ಲ ಎಂದೇ. ಬೇರೆ ತಿಂಗಳಲ್ಲೂ ದಾರಿ ಕಟ್ಟಬಹುದು. ಅದಕ್ಕೆಂದು ಒಂದು ದಿನ ಕೈಯಲ್ಲಿಟ್ಟುಕೊಂಡೇ ವೇಳಾಪಟ್ಟಿ ಮಾಡಿದ್ದೇವೆ. ವಾಪಸಾಗುವಾಗ ಕಿನ್ನೌರಿನ ನಾಕೋ ಹಳ್ಳಿಯಲ್ಲಿ ಒಂದು ರಾತ್ರಿ ಇದೆ. ಸೆಪ್ಟೆಂಬರಿನವರಿಗೆ ಕಿನ್ನೌರಿನ ಸೇಬಿನ ಕೊಯ್ಲೂ ಸಿಗುತ್ತದೆ.

ಒಂದು ಹೊಸ ಸೇರ್ಪಡೆಯೂ ಇದೆ. ಸ್ಪಿತಿಯ ಎಷ್ಟೋ ಹುಡುಗರು ಭಿಕ್ಷುಗಳಾಗಿ ಹೆಚ್ಚಿನ ಓದಿಗೆ ಬರುವುದು ನಮ್ಮ ಕರ್ನಾಟಕಕ್ಕೆ. ಬೈಲಕುಪ್ಪೆಯಲ್ಲಿ ಸೆರಾ, ನಮ್‌ಡ್ರೋಲಿಂಗ್ ಮಠಗಳಿವೆ, ಮುಂಡಗೋಡಿನಲ್ಲಿ ಡ್ರೆಪುಂಗ್, ಗಾಂಡೆನ್ ಇವೆ. ಹೊರಡುವ ಮುಂಚೆ ಒಂದು ಭಾನುವಾರ ಎಲ್ಲರೂ ಮೈಸೂರಿನಿಂದ ಬೈಲಕುಪ್ಪೆಗೆ ಹೋಗೋಣ. ಗೊಂಪಾದಲ್ಲಿ ಯಾವ ಕಡೆಯಿಂದ ಸುತ್ತಬೇಕು, ಎಲ್ಲಿ ಕೂರಬೇಕು, ಚಿತ್ರಗಳಲ್ಲಿ ಯಾರು ಯಾರು ಎಂಬುದನ್ನು ಅಲ್ಲೇ ಕಲಿಯಬಹುದು. ಇದಕ್ಕೆ ಬೇರೆ ಹಣ ಇಲ್ಲ. ದೂರದ ಊರಿನವರು ಬರಲೇಬೇಕೆಂದಿಲ್ಲ.

ಹೊರಡುವ ಮೊದಲು ಎಲ್ಲರೂ ವೈದ್ಯರನ್ನು ಕಾಣಬೇಕು. ಎತ್ತರಕ್ಕೆ ಕೊಡುವ ಅಸೆಟಜೋಲಮೈಡ್ ಮಾತ್ರೆಯನ್ನು ಅವರು ಹೇಳಿದರಷ್ಟೇ ತೆಗೆದುಕೊಳ್ಳಿ. ಸಲ್ಫಾ ಔಷಧ ಆಗದವರು ಅದನ್ನು ಮರೆಯದೆ ತಿಳಿಸಿ. ವಿದೇಶಿ ಪಾಸ್‌ಪೋರ್ಟ್ ಇರುವ ಕನ್ನಡಿಗರು, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಗಡಿಯ ಹತ್ತಿರದ ಈ ದಾರಿಗೆ ಪರವಾನಗಿ ಪಡೆಯಬೇಕು. ದಾಖಲೆ ಬೇಗ ಕಳಿಸಿದರೆ ನಾವೇ ಸಹಾಯ ಮಾಡುತ್ತೇವೆ. ಭಾರತೀಯ ಪ್ರಜೆಗಳಿಗೆ ಅದು ಬೇಡ, ಗುರುತಿನ ಚೀಟಿ ಸಾಕು.

ಮುಂಗಡ ಕೊಟ್ಟವರಿಗೆ ಮೂರು ದಾರಿ ಇವೆ. ಹೊಸ ದಿನಾಂಕಕ್ಕೆ ಬದಲಿಸಿಕೊಂಡರೆ ಹಳೆಯ ದರವೇ ನಡೆಯುತ್ತದೆ, ಹೆಚ್ಚಿನ ಖರ್ಚು ನಮ್ಮದು. ಈಗ ಆಗುವುದಿಲ್ಲ ಎಂದರೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು. ಬೇಡ ಎಂದರೆ ಪೂರ್ತಿ ಹಣ ವಾಪಸ್, ಒಂದು ರೂಪಾಯಿಯೂ ಹಿಡಿಯುವುದಿಲ್ಲ. ನೀವು ಬುಕ್ ಮಾಡಿದ ನಂಬರಿಗೇ ಈ ತಿಂಗಳ ಕೊನೆಯೊಳಗೆ ಒಂದು ಮೆಸೇಜ್ ಹಾಕಿ. ಉತ್ತರ ಬರದಿದ್ದರೆ ನಾವೇ ಫೋನ್ ಮಾಡುತ್ತೇವೆ. ಜೂನ್ ತಂಡಕ್ಕೆ ಮೊದಲು ಹೇಳಿದವರಿಗೆ ಮೊದಲ ಜಾಗ.

ಪ್ರೀತಿಯಿಂದ,
ಪ್ರಯಾಣ ಬಳಗದ ಎಲ್ಲರ ಪರವಾಗಿ
ಮೈಸೂರು