ಸರ್ವರ್ ಬಂತು, ನಕ್ಷೆ ತಿದ್ದುವವರು ಯಾರು?

ಮಾನ್ಯರೆ,

ಮೈಸೂರು, ಮಂಡ್ಯ ಭಾಗದಲ್ಲಿ ಒಂದಲ್ಲ ಒಂದು ಸಂಸ್ಥೆ ಜಿಐಎಸ್ ಹಾಕಿಸಿಕೊಳ್ಳಲು ಟೆಂಡರ್ ಕರೆಯುತ್ತಲೇ ಇರುತ್ತದೆ. ನೀರಿನ ಪೈಪು, ಕರೆಂಟು ಕಂಬ, ಒಳಚರಂಡಿ, ಆಸ್ತಿ ತೆರಿಗೆ, ನಾಲೆ, ಎಲ್ಲವನ್ನೂ ಕಂಪ್ಯೂಟರ್ ನಕ್ಷೆಗೆ ಏರಿಸುವ ಕೆಲಸ ಅದು. ಒಳ್ಳೇದೇ. ಆ ಟೆಂಡರ್ ಕಾಗದ ಓದುವುದು ನನ್ನ ಹೊಟ್ಟೆಪಾಡು. ಸರ್ವೆ ಡಿಪ್ಲೊಮಾ ಮುಗಿಸಿ ಮೊದಲು ಚೈನು ಹಿಡಿದು ಹೊಲ ಅಳೆದವನು ನಾನು. ಈಗ ಸಂಸ್ಥೆಗಳಿಗೆ ಈ ತಂತ್ರಾಂಶ ಕೂರಿಸಿಕೊಡುವವರ ಜೊತೆ ಗುತ್ತಿಗೆ ಮೇಲೆ ದುಡಿಯುತ್ತೇನೆ. ಕಾಗದದಲ್ಲಿ ಎಷ್ಟು ಕೋರ್, ಎಷ್ಟು ರ‍್ಯಾಮ್, ಎಷ್ಟು ಲೈಸೆನ್ಸ್ ಎಂದು ಪುಟಗಟ್ಟಲೆ ಬರೆದಿರುತ್ತಾರೆ. ಗುತ್ತಿಗೆದಾರ ಹೋದ ಮಾರನೇ ದಿನದಿಂದ ಆ ನಕ್ಷೆಯನ್ನು ತಿದ್ದುವ ಮನುಷ್ಯ ಯಾರು ಎಂದು ಒಂದು ಸಾಲೂ ಇರುವುದಿಲ್ಲ. ಆ ಸಾಲು ಬೇಕು ಅನ್ನುವುದಕ್ಕೇ ಈ ಪತ್ರ.

ತಂತ್ರಾಂಶ ಕೂರಿಸುವುದು ಜನ ಅಂದುಕೊಂಡಷ್ಟು ದೊಡ್ಡ ವಿಷಯವಲ್ಲ. ಜಾಸ್ತಿ ಕಡೆ ಬಳಸುವ ಆರ್ಕ್‌ಜಿಐಎಸ್ ಎಂಟರ್‌ಪ್ರೈಸನ್ನೇ ತಗೊಳ್ಳಿ. ಅದರಲ್ಲಿ ಮುಖ್ಯವಾಗಿ ನಾಲ್ಕು ಭಾಗ. ಯಾರು ಲಾಗಿನ್ ಆಗಬಹುದು, ಯಾರಿಗೆ ಯಾವ ನಕ್ಷೆ ಕಾಣಬೇಕು ಎನ್ನುವುದನ್ನು ಪೋರ್ಟಲ್ ನೋಡಿಕೊಳ್ಳುತ್ತದೆ. ನಕ್ಷೆ ಹಂಚುವುದು ಸರ್ವರ್. ದತ್ತಾಂಶ ಕೂತಿರುವುದು ಡೇಟಾ ಸ್ಟೋರ್‌ನಲ್ಲಿ. ಹೊರಗಿನಿಂದ ಬಂದ ಕೋರಿಕೆಯನ್ನು ಒಳಕ್ಕೆ ದಾಟಿಸುವುದು ವೆಬ್ ಅಡಾಪ್ಟರ್. ಸಣ್ಣ ಸಂಸ್ಥೆಯಾದರೆ ನಾಲ್ಕನ್ನೂ ಒಂದೇ ಮಷಿನ್ನಿನಲ್ಲಿ ಹಾಕಬಹುದು. ತಿಳಿದವರಿಗೆ ಒಂದೆರಡು ದಿನದ ಕೆಲಸ.

ಆದರೆ ಕೂರಿಸುವ ಮೊದಲೇ ಒಂದು ವಿಷಯ ತೀರ್ಮಾನವಾಗಿರಬೇಕು, ಅದು ಪೋರ್ಟಲ್ಲಿನ ವಿಳಾಸ. ಸಂಸ್ಥೆಯ ಸ್ವಂತ ಡೊಮೇನ್ ಹೆಸರು, ಅದಕ್ಕೊಂದು ಸರಿಯಾದ ಭದ್ರತಾ ಸರ್ಟಿಫಿಕೇಟ್. ಯಾಕೆಂದರೆ ಒಳಗೆ ಮಾಡುವ ಪ್ರತಿಯೊಂದು ನಕ್ಷೆ, ಪ್ರತಿಯೊಂದು ಪದರ (ಪೈಪಿನದೊಂದು, ಕಂಬದ್ದೊಂದು, ಹೀಗೆ) ಆ ವಿಳಾಸವನ್ನೇ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಬದಲಾಯಿಸಲು ಹೋದರೆ ಮದುವೆ ಕಾರ್ಡ್ ಹಂಚಿದ ಮೇಲೆ ಛತ್ರ ಬದಲಾಯಿಸಿದ ಹಾಗೆ. ನಾನು ಕಂಡ ಒಂದು ಕಡೆ ಮೊದಲು ಬಂದ ಗುತ್ತಿಗೆದಾರರು ಅವಸರಕ್ಕೆ ಕಚೇರಿಯೊಳಗಿನ ಮಷಿನ್ ಹೆಸರನ್ನೇ ಕೊಟ್ಟು ಎದ್ದು ಹೋಗಿದ್ದರು. ಕಚೇರಿಯ ವೈಫೈನಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತು, ಬಿಲ್ಲೂ ಪಾಸಾಯಿತು. ಹುಡುಗರು ಫೋನ್ ಹಿಡಿದು ಬೀದಿಗೆ ಇಳಿದರೆ ಪರದೆ ತುಂಬ ಬೂದು ಚೌಕಗಳು. ಆ ಹೆಸರು ಕಚೇರಿಯ ಕಾಂಪೌಂಡಿನ ಆಚೆ ಯಾವ ಫೋನಿಗೂ ಗೊತ್ತಿರಲಿಲ್ಲ. ಅಲ್ಲಿಯ ಎಂಜಿನಿಯರ್ ಸಾಹೇಬರು ನೆಟ್‌ವರ್ಕ್ ಸರಿಯಿಲ್ಲ ಎಂದು ಸಿಮ್ ಬದಲಾಯಿಸಿಸಿದರು. ಸಿಮ್ಮಿನ ತಪ್ಪೇನಿದೆ ಪಾಪ.

ಇನ್ನು ಮೊದಲ ಅಡ್ಮಿನ್ ಖಾತೆ. ತಂತ್ರಾಂಶ ಕೂರಿಸುವಾಗಲೇ ಅದನ್ನು ಮಾಡಬೇಕು, ಮಾಡುವವನು ಗುತ್ತಿಗೆದಾರನ ಹುಡುಗ. ಅವನ ಸ್ವಂತ ಮೇಲ್, ಅವನ ಪಾಸ್‌ವರ್ಡ್. ಆರು ತಿಂಗಳಲ್ಲಿ ಅವನು ಬೆಂಗಳೂರಿಗೆ ಹೊಸ ಕೆಲಸಕ್ಕೆ ಹೋಗಿರುತ್ತಾನೆ. ಬ್ಯಾಕಪ್ ಕಥೆಯೂ ಅಷ್ಟೆ. ವೆಬ್‌ಜಿಐಎಸ್‌ಡಿಆರ್ ಎಂಬ ಬ್ಯಾಕಪ್ ಸಾಧನ ತಂತ್ರಾಂಶದ ಜೊತೆಯಲ್ಲೇ ಬರುತ್ತದೆ, ಬೇರೆ ದುಡ್ಡು ಕೊಡಬೇಕಿಲ್ಲ. ಆದರೆ ವಾಪಸ್ ಹಾಕುವಾಗ ಅದೇ ವಿಳಾಸ, ಅದೇ ಆವೃತ್ತಿ ಇರಬೇಕು. ಸರ್ವರ್ ಇರುವ ಡಿಸ್ಕಿನಲ್ಲೇ ಬ್ಯಾಕಪ್ಪನ್ನೂ ಇಟ್ಟು ಕೈ ತೊಳೆದುಕೊಂಡವರನ್ನು ನೋಡಿದ್ದೇನೆ. ಡಿಸ್ಕ್ ಹೋದರೆ ಎರಡೂ ಹೋದವು, ಅಲ್ವಾ?

ಇವೆಲ್ಲ ಸರಿಪಡಿಸಬಹುದಾದ ವಿಷಯಗಳು. ನಿಜವಾದ ಕಷ್ಟ ದತ್ತಾಂಶದ್ದು.

ಹಳೇ ಕಚೇರಿಗಳಲ್ಲಿ ನಕ್ಷೆಗಳು ಮೂರ್ನಾಲ್ಕು ಅವತಾರದಲ್ಲಿರುತ್ತವೆ. ಬಟ್ಟೆ ಅಂಟಿಸಿದ ಕಾಗದದ ನಕ್ಷೆ, ಆಟೋಕ್ಯಾಡ್ ಡ್ರಾಯಿಂಗು, ಯಾರೋ ಜಿಪಿಎಸ್ ಹಿಡಿದು ಬರೆದ ಎಕ್ಸೆಲ್ ಪಟ್ಟಿ. ಆಟೋಕ್ಯಾಡ್ ಡ್ರಾಯಿಂಗಿಗೆ ಎಷ್ಟೋ ಸಲ ಭೂಮಿಯ ಮೇಲೆ ಜಾಗವೇ ಇರುವುದಿಲ್ಲ, ಅದು ಸುಮ್ನೆ ಸೊನ್ನೆಯಿಂದ ಶುರುವಾಗಿರುತ್ತದೆ. ಹಳೇ ಟೋಪೋ ಶೀಟುಗಳು, ಅಂದರೆ ಸರ್ವೆ ಇಲಾಖೆಯ ಭೂನಕ್ಷೆ ಹಾಳೆಗಳು, ಎವರೆಸ್ಟ್ ಲೆಕ್ಕದ ಮೇಲೆ ನಿಂತಿವೆ. ಅದು ಭೂಮಿಯ ಆಕಾರಕ್ಕೆ ಎವರೆಸ್ಟ್ ಎಂಬ ಸರ್ವೇಯರ್ ಹಾಕಿದ ಲೆಕ್ಕ, 1830ರದು. ನಮ್ಮ ಫೋನಿನ ಜಿಪಿಎಸ್ ಕೆಲಸ ಮಾಡುವುದು ಡಬ್ಲ್ಯುಜಿಎಸ್ 84 ಎಂಬ ಬೇರೆ ಲೆಕ್ಕದ ಮೇಲೆ. ಎರಡನ್ನೂ ಹಾಗೆಯೇ ಒಂದರ ಮೇಲೊಂದು ಹಾಕಿದರೆ ನಮ್ಮ ಕಡೆ ನೂರಾರು ಅಡಿ ವ್ಯತ್ಯಾಸ ಬರುತ್ತದೆ. ರಸ್ತೆಯ ಪೈಪು ಪಕ್ಕದ ಬೀದಿಯವರ ಮನೆಯೊಳಗೆ ಹರಿಯುತ್ತದೆ.

ವಲಯದ ಎಡವಟ್ಟು ಇನ್ನೂ ಮಜಾ. ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಹೋಳು ಮಾಡಿ ಅಳೆಯುವ ಯುಟಿಎಂ ಲೆಕ್ಕದಲ್ಲಿ ನಮ್ಮ ಎರಡೂ ಜಿಲ್ಲೆ 43ನೇ ವಲಯ. 78 ಡಿಗ್ರಿ ರೇಖಾಂಶ ದಾಟಿದರೆ, ಅಂದರೆ ಕೋಲಾರ ಪಟ್ಟಣದ ಕಡೆ, 44ನೇ ವಲಯ ಶುರು. ಬೇರೆ ಕಡೆಗೆ ಮಾಡಿದ್ದ ಸೆಟ್ಟಿಂಗನ್ನೇ ಇಲ್ಲಿಗೂ ತಂದು ಹಾಕಿದರೆ ಮೈಸೂರಿನ ಪೈಪುಗಳೆಲ್ಲ ಬಂಗಾಳ ಕೊಲ್ಲಿಯಲ್ಲಿ ತೇಲುತ್ತವೆ. ಅದನ್ನು ಯಾರಾದರೂ ಗುರುತಿಸುತ್ತಾರೆ, ನಕ್ಕು ಸರಿಮಾಡುತ್ತಾರೆ. ಎವರೆಸ್ಟ್ ತಪ್ಪು ಹಾಗಲ್ಲ. ನೋಡಲು ಸರಿಯಾಗೇ ಕಾಣುತ್ತದೆ, ಜೆಸಿಬಿ ಬಂದು ಅಗೆದಾಗಲೇ ಗೊತ್ತಾಗುವುದು.

ಈ ಎವರೆಸ್ಟ್ ಲೆಕ್ಕಕ್ಕೂ ನಮ್ಮ ನೆಲಕ್ಕೂ ಹಳೇ ನಂಟು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯೇ 1802ರಲ್ಲಿ ಮದರಾಸಿನಿಂದ ದೊಡ್ಡ ತ್ರಿಕೋನ ಸರ್ವೆ ಶುರುಮಾಡಿದ್ದು. ಅವನ ಸಹಾಯಕನಾಗಿ ಬಂದು, ಅವನ ನಂತರ ಅದನ್ನು ಮುಂದುವರಿಸಿದವನು ಜಾರ್ಜ್ ಎವರೆಸ್ಟ್. ಅದೇ ಯುದ್ಧ ಮುಗಿದ ಮೇಲೆ ಮೈಸೂರು ಸೀಮೆಯ ಸರ್ವೆಗೆ ಇಳಿದ ಕಾಲಿನ್ ಮೆಕೆಂಜಿ 1815ರಲ್ಲಿ ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆದ. ಆಮೇಲೆ ಹಳ್ಳಿ ಹಳ್ಳಿಗೆ 33 ಅಡಿಯ ಚೈನು ಬಂತು. ಚೈನಿಗೆ 16 ಆಣೆ, ಚೈನು ಉದ್ದ ಚೈನು ಅಗಲ ಒಂದು ಗುಂಟೆ. ಆ ಚೈನು ಹಿಡಿದವರ ಟಿಪ್ಪಣಿ ಪುಸ್ತಕಗಳ ಮೇಲೇ ಇವತ್ತೂ ಹದ್ದುಬಸ್ತು ನಡೆಯುತ್ತಿದೆ. ಅಳೆದವನು ಅಲ್ಲೇ ನಿಂತು ಬರೆದ ಟಿಪ್ಪಣಿ, ಅದಕ್ಕೇ ಅದು ಇಷ್ಟು ಕಾಲ ಬಾಳಿದೆ.

ಈಗ ಅಲ್ಲೇ ನಿಂತು ಬರೆಯುವವನನ್ನು ನಾವು ಬಿಟ್ಟುಬಿಟ್ಟಿದ್ದೇವೆ. ಮೈಸೂರಿನ ಒಂದು ಹಳೇ ಬಡಾವಣೆಯಲ್ಲಿ ನೀರಿನ ವಾಲ್ವ್‌ಗಳನ್ನು ಪರಿಶೀಲಿಸಲು ಹೋಗಿದ್ದೆವು. ಜೊತೆಗೆ ಆ ಬೀದಿಗಳಿಗೆ ನೀರು ಬಿಡುವ ವಾಲ್ವ್‌ಮ್ಯಾನ್ ಇದ್ದರು. ನಿವೃತ್ತಿಗೆ ಹತ್ತಿರದ ವಯಸ್ಸು, ಹೆಗಲ ಮೇಲೆ ಉದ್ದನೆಯ ಟಿ ಆಕಾರದ ಕೀಲಿ. ಟ್ಯಾಬ್ ಪ್ರಕಾರ ವಾಲ್ವ್ ಇರಬೇಕಾದ ಜಾಗದಲ್ಲಿ ನಿಂತು ನಮ್ಮ ಹುಡುಗ ನೆಲ ಹುಡುಕುತ್ತಿದ್ದ. ಅವರು ಸ್ವಲ್ಪ ಹೊತ್ತು ನೋಡಿದರು. "ಅದು ರೋಡ್ ಅಗಲ ಮಾಡ್ದಾಗ ಡಾಂಬರ್ ಕೆಳಗೆ ಹೋಯ್ತು ಸಾರ್. ಈಗ ಇರೋದು ಆ ಹೊಂಗೆ ಮರದ ಬುಡದಲ್ಲಿ" ಎಂದರು. ಹೋಗಿ ಮಣ್ಣು ಸರಿಸಿದರೆ ಮುಚ್ಚಳ ಸಿಕ್ಕಿತು. ಆಮೇಲೆ ಅವರೇ ಇನ್ನೊಂದು ಮಾತು ಸೇರಿಸಿದರು: "ಇದು ಉಲ್ಟಾ ಸಾರ್. ಬೇರೆದೆಲ್ಲ ಬಲಕ್ಕೆ ತಿರುಗಿಸಿದ್ರೆ ಮುಚ್ಚುತ್ತೆ, ಇದು ಎಡಕ್ಕೆ."

ಟ್ಯಾಬಿನ ಫಾರ್ಮಿನಲ್ಲಿ ವಾಲ್ವಿನ ವ್ಯಾಸ ಇತ್ತು, ಕಂಪನಿ ಹೆಸರು ಇತ್ತು, ಹಾಕಿದ ವರ್ಷ ಇತ್ತು. ಯಾವ ಕಡೆಗೆ ಮುಚ್ಚುತ್ತದೆ ಎಂಬ ಕಲಮೇ ಇರಲಿಲ್ಲ. ರಾತ್ರಿ ಪೈಪು ಒಡೆದು ರಸ್ತೆ ಕೆರೆಯಾದಾಗ ಹೊಸ ಹುಡುಗನಿಗೆ ಮೊದಲು ಬೇಕಾಗುವುದು ಆ ಒಂದು ಕಲಮು. ಫಾರ್ಮ್ ಮಾಡಿದವರು ವಾಲ್ವ್ ತಿರುಗಿಸಿದವರಲ್ಲ, ಏನು ಮಾಡುವುದು. ಅದನ್ನು ಸೇರಿಸಲು ಹಿಡಿದದ್ದು ಹತ್ತು ನಿಮಿಷ. ಇಂಥ ಮಾತು ಸಿಗಬೇಕಾದರೆ ಅವರ ಜೊತೆ ನಡೆಯಬೇಕು. ಮಂಡ್ಯದ ಕಡೆ ನಾಲೆಯ ಕೆಲಸಕ್ಕೂ ಇದೇ ಮಾತು. ವಿಶ್ವೇಶ್ವರಯ್ಯ ನಾಲೆಯ ಕೊನೆಯ ತೂಬಿನಲ್ಲಿ ನೀರು ಯಾಕೆ ನಿಲ್ಲುತ್ತದೆ ಎನ್ನುವುದು ಉಪಗ್ರಹ ಚಿತ್ರಕ್ಕಿಂತ ನೀರುಗಂಟಿಗೆ ಜಾಸ್ತಿ ಗೊತ್ತು.

ಕನ್ನಡದ ವಿಷಯವನ್ನೂ ಹೇಳಿಬಿಡುತ್ತೇನೆ. ನುಡಿ, ಬರಹದ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ ಊರ ಹೆಸರುಗಳು ಯುನಿಕೋಡ್ ಅಲ್ಲ. ಹಾಗೇ ಡೇಟಾಬೇಸಿಗೆ ಸುರಿದರೆ ಕಲಸುಮೇಲೋಗರ. ಇಂಗ್ಲಿಷಿನಲ್ಲಿ ಬರೆದಿದ್ದರೆ ಒಂದೇ ಹಳ್ಳಿಗೆ ನಾಲ್ಕು ಕಾಗುಣಿತ. ನಮ್ಮ ಮೈಸೂರಿನದೇ ತಗೊಳ್ಳಿ, 2014ರ ನವೆಂಬರ್ 1ರಂದು ಅಧಿಕೃತ ಇಂಗ್ಲಿಷ್ ಹೆಸರು ಬದಲಾಯಿತು, ಹಳೇ ಪಟ್ಟಿಗಳಲ್ಲಿ ಇನ್ನೂ ಮೊದಲಿನದೇ ಇದೆ. ಎರಡು ಪಟ್ಟಿ ಜೋಡಿಸಿದರೆ ಕಂಪ್ಯೂಟರಿಗೆ ಅವು ಎರಡು ಊರು. ಹೆಸರು ಬಿಟ್ಟು ಜನಗಣತಿಯ ಹಳ್ಳಿ ಸಂಖ್ಯೆಯಿಂದ ಜೋಡಿಸಿದರೆ ಈ ತಾಪತ್ರಯ ಬಹುಪಾಲು ತಪ್ಪುತ್ತದೆ. ಫೀಲ್ಡಿನವರ ಫಾರ್ಮು ಮಾತ್ರ ಕನ್ನಡದಲ್ಲೇ ಇರಬೇಕು. ಇದಕ್ಕೆ ತಂತ್ರಾಂಶದಲ್ಲಿ ಅಡ್ಡಿಯಿಲ್ಲ, ಕೇಳುವವರಿಲ್ಲ ಅಷ್ಟೆ.

ಇರುವುದನ್ನೇ ಮತ್ತೆ ದುಡ್ಡು ಕೊಟ್ಟು ಬರೆಸುವುದೂ ನಿಲ್ಲಬೇಕು. ರಾಜ್ಯದ ದೂರಸಂವೇದಿ ಕೇಂದ್ರದ ಕೆ-ಜಿಐಎಸ್‌ನಲ್ಲಿ ಹಳ್ಳಿ ಗಡಿ, ರಸ್ತೆ, ಕೆರೆ ಇವೆ. ದಿಶಾಂಕ್ ಆ್ಯಪಿನಲ್ಲಿ ರೈತರು ದಿನಾ ಸರ್ವೆ ನಂಬರ್ ನೋಡುತ್ತಿದ್ದಾರೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯೊಳಗಿನ ಮನೆಜಾಗಗಳನ್ನು ಡ್ರೋನಿನಿಂದ ಅಳೆಯುತ್ತಾರೆ. ನಕ್ಷೆ ಮಾಡಲು ಮೊದಲಿದ್ದ ಪರವಾನಗಿ ಕಾಟವನ್ನೂ ಕೇಂದ್ರ ಸರ್ಕಾರ 2021ರ ಫೆಬ್ರುವರಿಯಲ್ಲಿ ಬಹಳಷ್ಟು ಸಡಿಲಿಸಿದೆ. ಸಂಸ್ಥೆ ತನ್ನದೇ ಪೈಪು, ತನ್ನದೇ ಕಂಬದ ಮೇಲೆ ದುಡ್ಡು ಹಾಕಲಿ.

ಲೈಸೆನ್ಸ್ ತಂತ್ರಾಂಶವೋ, ಉಚಿತದ್ದೋ ಎಂಬ ಜಗಳದಲ್ಲಿ ನನಗೆ ಆಸಕ್ತಿ ಕಮ್ಮಿ. ಉಚಿತದ್ದಾದ ಕ್ಯೂಜಿಐಎಸ್, ಪೋಸ್ಟ್‌ಜಿಐಎಸ್, ಜಿಯೋಸರ್ವರ್ ಮೂರೂ ಇಪ್ಪತ್ತು ವರ್ಷ ದಾಟಿದ ಗಟ್ಟಿ ಸಾಮಾನುಗಳು, ಮಧ್ಯಮ ಗಾತ್ರದ ಸಂಸ್ಥೆಗೆ ಧಾರಾಳ ಸಾಕು. ದುಡ್ಡಿನ ತಂತ್ರಾಂಶದಲ್ಲಿ ಬೆಂಬಲ ಸಿಗುತ್ತದೆ, ಜೊತೆಗೆ ಅವರ ಕಾಲಪಟ್ಟಿಗೆ ನಾವು ಓಡಬೇಕು. ಆರ್ಕ್‌ಜಿಐಎಸ್‌ನ ಹಳೇ ನಕ್ಷೆ ತಂತ್ರಾಂಶ ಆರ್ಕ್‌ಮ್ಯಾಪ್‌ಗೆ ಬೆಂಬಲ 2026ರ ಮಾರ್ಚ್ 1ರವರೆಗೆ ಮಾತ್ರ ಎಂದು ಕಂಪನಿ ವರ್ಷಗಟ್ಟಲೆ ಮೊದಲೇ ಹೇಳಿತ್ತು. ಹಾಗಿದ್ದೂ ಅದರ ತರಬೇತಿಯನ್ನೇ ಕೇಳುವ ಟೆಂಡರ್‌ಗಳು ಬರುತ್ತಿದ್ದವು, ಹಳೇ ಕಾಗದ ನಕಲು ಮಾಡಿದ್ದಕ್ಕೆ. ಯಾವುದನ್ನೇ ಹಾಕಿಕೊಂಡರೂ ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು.

ಆ ಒಬ್ಬರಿಗೆ ಕಾಯಂ ಹುದ್ದೆ ಇರಲಿ. ಸರ್ವೆ ಡಿಪ್ಲೊಮಾ ಮಾಡಿದ ಹುಡುಗ ಹುಡುಗಿಯರು ನಮ್ಮಲ್ಲೇ ಸಿಗುತ್ತಾರೆ, ಕೆಲಸ ಕಲಿಯಲು ಆರು ತಿಂಗಳು ಸಾಕು. ವಾರಕ್ಕೆ ಒಂದೆರಡು ದಿನ ಅವರು ವಾಲ್ವ್‌ಮ್ಯಾನ್, ಲೈನ್‌ಮ್ಯಾನ್ ಜೊತೆ ಹೊರಗೆ ತಿರುಗಲಿ, ಉಳಿದ ದಿನ ಕೂತು ತಿದ್ದಲಿ. ಹೊಸ ಪೈಪು ಹಾಕಿದ ಗುತ್ತಿಗೆದಾರ ಅದನ್ನು ನಕ್ಷೆಗೆ ಏರಿಸದಿದ್ದರೆ ಕೊನೆಯ ಬಿಲ್ಲಿಗೆ ಸಹಿ ಬೀಳಬಾರದು. ಡೊಮೇನ್, ಸರ್ಟಿಫಿಕೇಟ್, ಅಡ್ಮಿನ್ ಖಾತೆ ಮೂರೂ ಸಂಸ್ಥೆಯ ಹೆಸರಿನಲ್ಲೇ ಇರಬೇಕು. ಹಸ್ತಾಂತರದ ದಿನ ಬ್ಯಾಕಪ್ಪಿನಿಂದ ಇಡೀ ವ್ಯವಸ್ಥೆಯನ್ನು ಎಬ್ಬಿಸಿ ತೋರಿಸಿದ ಮೇಲೆಯೇ ದುಡ್ಡು. ಸರ್ವರ್ ಖರ್ಚಿನ ಮುಂದೆ ಇದಕ್ಕೆ ತಗಲುವುದು ಚಿಲ್ಲರೆ ಹಣ.

ನಿಮ್ಮ ವರದಿಗಾರರಲ್ಲೂ ಒಂದು ಕೋರಿಕೆ. ಇಂಥ ವ್ಯವಸ್ಥೆಗಳ ಉದ್ಘಾಟನೆಗೆ ಹೋದಾಗ ಎಷ್ಟು ಕೋಟಿ ಎಂದು ಕೇಳುತ್ತೀರಿ, ಅದು ಇರಲಿ. ವರ್ಷ ಕಳೆದ ಮೇಲೆ ಇನ್ನೊಮ್ಮೆ ಹೋಗಿ, ನೀರಿನ ವಾಲ್ವ್‌ಗಳ ಪದರವನ್ನು ತೆರೆಸಿ, ಕೊನೆಯ ಸಲ ತಿದ್ದಿದ ದಿನಾಂಕ ಯಾವುದು, ತಿದ್ದಿದವರು ಯಾರು ಎಂದು ಕೇಳಿ. ಸರಿಯಾಗಿ ಕೂರಿಸಿದ್ದರೆ ಎರಡೂ ಪರದೆಯ ಮೇಲೇ ಇರುತ್ತವೆ. ಆ ದಿನಾಂಕವನ್ನೂ ಸುದ್ದಿಯಲ್ಲಿ ಹಾಕಿ.

ಇಂತಿ,
ಒಬ್ಬ ಸರ್ವೆ ಕೆಲಸಗಾರ
ಸರಸ್ವತಿಪುರಂ, ಮೈಸೂರು